ನೀರು ಹಾಕಿದರೂ ಕುಂಡದ ಮಣ್ಣು ನೆನೆಯುತ್ತಿಲ್ಲ, ಏನು ಮಾಡುವುದು?

ಜಗಲಿ ಗಿಡ (ಮಡಿಕೇರಿ):
10 ಇಂಚಿನ ಪ್ಲಾಸ್ಟಿಕ್ ಕುಂಡಗಳಲ್ಲಿ ಜೆರೇನಿಯಂ, ಬಿಗೋನಿಯಾ, ಫರ್ನ್, ಆಂಥೂರಿಯಂ ಇವೆ. ತೋಟದ ಕಾಡುಮಣ್ಣು ಅರ್ಧ ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಾಲು, ಕೊಟ್ಟಿಗೆ ಗೊಬ್ಬರ ಕಾಲು. ಮಧ್ಯೆ ನೀರು ತಪ್ಪಿ ಮಣ್ಣು ಪೂರ್ತಿ ಒಣಗಿತು. ಈಗ ಒಂದು ಚೊಂಬು ನೀರು ಹಾಕಿದರೆ ಹತ್ತು ಎಣಿಸುವಷ್ಟರಲ್ಲಿ ಕೆಳಗಿನ ತಟ್ಟೆಗೆ ಇಳಿದುಬಿಡುತ್ತದೆ. ಮೇಲೆ ಒದ್ದೆ, ಬೆರಳು ತೂರಿಸಿದರೆ ಒಳಗೆ ಪುಡಿಪುಡಿ. 30 ಸೆಂಟ್ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದಾಗ ಅಂಗಳದಲ್ಲಿಟ್ಟರೂ ಅಷ್ಟೇ. ಮಣ್ಣು ಬದಲಿಸಲೇ? ಗೊಬ್ಬರ ಕೊಟ್ಟರೆ ಸುಧಾರಿಸುತ್ತವೆಯೇ?

ಕಾಫಿಸಾಲು (ಪೊನ್ನಂಪೇಟೆ):
ಎರಡೂ ಬೇಡ, ಸದ್ಯಕ್ಕೆ. ಮೊದಲು ಮಣ್ಣು ನೀರು ಕುಡಿಯುವಂತಾಗಲಿ.

ಕೋಕೋಪೀಟ್, ಎಲೆಗೊಬ್ಬರ, ಕಾಡುಮಣ್ಣು ಇವು ಒಂದು ಹಂತ ದಾಟಿ ಒಣಗಿದರೆ ಕಣಗಳ ಮೇಲೆ ಮೇಣದಂಥ ಪದರ ಉಳಿದು ನೀರು ಅಂಟುವುದಿಲ್ಲ. ಜೊತೆಗೆ ಮಣ್ಣು ಕುಗ್ಗಿ, ಕುಂಡದ ಗೋಡೆಗೂ ಬೇರಿನ ಉಂಡೆಗೂ ನಡುವೆ ಸಂದು ಬಿಡುತ್ತದೆ. ಮೇಲಿಂದ ಸುರಿದದ್ದೆಲ್ಲ ಆ ಸಂದಿನಿಂದಲೇ ಜಾರಿಹೋಗುತ್ತದೆ. ತಟ್ಟೆಗೆ ನೀರು ಬಂದ ಮಾತ್ರಕ್ಕೆ ಮಣ್ಣು ನೆನೆಯಿತು ಅಂದುಕೊಳ್ಳಬೇಡಿ. ಒಮ್ಮೆ ಅಳೆದು ನೋಡಿ: 2 ಲೀಟರ್ ಹಾಕಿ, ತಟ್ಟೆಯಲ್ಲಿ ಎಷ್ಟು ಬಂತು ನೋಡಿ. 1.8 ಲೀಟರ್ ಬಂದರೆ ಒಳಗೆ ನಿಂತದ್ದು 200 ಮಿಲಿ ಮಾತ್ರ.

ಹೂಮಳೆಯ ಲೆಕ್ಕವೂ ಹೀಗೇ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್, 30 ಸೆಂಟ್ ಅಂದರೆ ಸುಮಾರು 7.6 ಮಿ.ಮೀ. 10 ಇಂಚಿನ ಬಾಯಿಗೆ ಬೀಳುವುದು ಹೆಚ್ಚೆಂದರೆ ಮುಕ್ಕಾಲು ಲೀಟರ್ ಬಾಟಲಿಯ ಅರ್ಧ, ಅಂದರೆ 380 ಮಿಲಿಯಷ್ಟು. ಎಲೆ ದಟ್ಟವಾಗಿದ್ದರೆ ಅದರಲ್ಲೂ ಒಂದಷ್ಟು ಹೊರಗೇ ಚೆಲ್ಲುತ್ತದೆ. ಕಾಫಿ ಹೂವಿಗೆ ಲೆಕ್ಕ ಬೇರೆ, ಕುಂಡಕ್ಕೆ ಬೇರೆ.

ಮಾಡಬೇಕಾದ್ದು: ತಟ್ಟೆ ತೆಗೆದು ಕುಂಡವನ್ನು ಟಬ್‌ನಲ್ಲಿಡಿ. ಕುಂಡದ ಅರ್ಧ ಎತ್ತರದವರೆಗೆ ನೀರು ತುಂಬಿ. ಅಂಚು ಮುಳುಗುವಷ್ಟು ಹಾಕಿದರೆ ಒಣ ಕೋಕೋಪೀಟ್ ತೇಲಿ ಹೊರಬರುತ್ತದೆ. ಹತ್ತು ನಿಮಿಷದ ಮೇಲೆ ಇನ್ನೊಂದಿಷ್ಟು ನೀರು ಏರಿಸಿ, ಅಂಚಿಗಿಂತ ಎರಡು ಇಂಚು ಕೆಳಗೆ ನಿಲ್ಲಿಸಿ. ಮೇಲ್ಮಣ್ಣು ತಾನಾಗಿ ಕಪ್ಪಾಗಿ ತೇವ ಕಾಣುವವರೆಗೆ ಬಿಡಿ. ಸಾಮಾನ್ಯವಾಗಿ 30ರಿಂದ 45 ನಿಮಿಷ, ತೀರಾ ಒಣಗಿದ್ದರೆ ಒಂದು ಗಂಟೆ. ರಾತ್ರಿಯಿಡೀ ಮಾತ್ರ ಬೇಡ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಆಮೇಲೆ ಎರಡು ಇಟ್ಟಿಗೆಯ ಮೇಲಿಟ್ಟು ಅರ್ಧ ಗಂಟೆ ಬಸಿಯಲಿ. ನಿಮ್ಮ ಅಳತೆಯ ಕುಂಡ ಮೊದಲಿಗಿಂತ ಕನಿಷ್ಠ 2 ಕಿಲೋ ಹೆಚ್ಚು ತೂಗಬೇಕು. ಎತ್ತಿ ನೋಡಿದರೇ ಗೊತ್ತಾಗುತ್ತದೆ.

ಸಂದನ್ನು ಮೊದಲೇ ತುಂಬಬೇಡಿ. ಮಣ್ಣು ಉಬ್ಬಿದ ಮೇಲೂ ಉಳಿದ ಸಂದಿಗೆ ಹೊಸ ಮಿಶ್ರಣ ಹಾಕಿ, ಕೋಲಿನಿಂದ ಮೆಲ್ಲಗೆ ಅದುಮಿ.

ಗೊಬ್ಬರ ಏಕೆ ಬೇಡ ಅಂದರೆ, ಒಣಮಣ್ಣಿನಲ್ಲಿ ಲವಣ ದಟ್ಟವಾಗಿ ಬೇರಿನೊಳಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಎಲೆಯ ಅಂಚು ಸುಟ್ಟಂತಾಗುತ್ತದೆ. ಹೊಸ ಚಿಗುರು ಕಂಡ ಮೇಲೆ ಕೊಡಿ.

ಕೆಂಪುಮಣ್ಣು (ಸೋಮವಾರಪೇಟೆ):
ಒಂದು ಮಾತು ಸೇರಿಸುತ್ತೇನೆ. ಎಲ್ಲ ಕುಂಡಗಳನ್ನೂ ಒಂದೇ ಟಬ್ ನೀರಿನಲ್ಲಿ ಇಡಬೇಡಿ. ಒಂದರಲ್ಲಿ ಬೇರುಕೊಳೆ ಇದ್ದರೆ ನೀರಿನ ಮೂಲಕವೇ ಉಳಿದವಕ್ಕೂ ಹಬ್ಬುತ್ತದೆ. ಅನುಮಾನವಿರುವ ಗಿಡವನ್ನು ಕೊನೆಗೆ ಇಡಿ, ನೀರು ಚೆಲ್ಲಿಬಿಡಿ.

ಎತ್ತಲಾಗದ ದೊಡ್ಡ ಕುಂಡವಾದರೆ ಬಿದಿರು ಕಡ್ಡಿಯಿಂದ ಆರೇಳು ಕಡೆ, ಕಾಂಡದಿಂದ ಮೂರು ಇಂಚು ದೂರದಲ್ಲಿ, ಮುಕ್ಕಾಲು ಆಳಕ್ಕೆ ತೂತು ಮಾಡಿ. ಮೊದಲು ಅರ್ಧ ಲೀಟರ್, 15 ನಿಮಿಷ ಬಿಟ್ಟು ಇನ್ನರ್ಧ, ಹೀಗೆ ನಾಲ್ಕೈದು ಸಲ. ಸಂದಿನ ಬಾಯಿಯನ್ನು ಮೇಲ್ಮಣ್ಣಿನಿಂದ ತಾತ್ಕಾಲಿಕವಾಗಿ ಮುಚ್ಚಿಕೊಂಡರೆ ನೀರು ನಡುವೆಯೇ ನಿಲ್ಲುತ್ತದೆ. ಒಮ್ಮೆಲೇ ಪೈಪ್ ಬಿಡುವುದು ದಂಡ.

ಅದಕ್ಕೂ ಬಗ್ಗದ ಮಣ್ಣಿಗೆ, ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಮೊದಲ ಸುತ್ತಿಗೆ ಬಳಸಬಹುದು.

ಕಾಫಿಸಾಲು:
ಲಿಕ್ವಿಡ್‌ಗಿಂತ ಅಂಟುವಾಳ ವಾಸಿ ಅನ್ನುತ್ತೇನೆ. ನಾಲ್ಕು ಕಾಯಿಯ ಸಿಪ್ಪೆ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಹಿಸುಕಿ ಸೋಸಿ, ಹತ್ತು ಲೀಟರ್ ನೀರಿಗೆ ಬೆರೆಸಿ. ಒಂದೇ ಸಲ ಸಾಕು, ಪ್ರತಿ ಬಾರಿ ಬೇಡ. ಉಳಿದದ್ದನ್ನು ಮೀನಿರುವ ತೊಟ್ಟಿಗೋ ಕೆರೆಗೋ ಸುರಿಯಬೇಡಿ, ಮೀನು ಸಾಯುತ್ತವೆ.

ಕೆಂಪುಮಣ್ಣು:
ಅಂಟುವಾಳ ಸಿಕ್ಕರೆ ಸರಿ. ಎರಡು ಹನಿ ಲಿಕ್ವಿಡ್‌ನಿಂದ ಗಿಡಕ್ಕೇನೂ ಆಗುವುದಿಲ್ಲ. ಬಟ್ಟೆ ಒಗೆಯುವ ಪುಡಿ ಮಾತ್ರ ಮುಟ್ಟಬೇಡಿ, ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗುತ್ತದೆ.

ಜಗಲಿ ಗಿಡ:
ಟಬ್‌ನಲ್ಲಿಟ್ಟೆ. ಜೆರೇನಿಯಂ ಸಂಜೆಗೇ ಎದ್ದಿತು. ಒಂದು ಬಿಗೋನಿಯಾ ಮಾತ್ರ ಮಣ್ಣು ಒದ್ದೆಯಿದ್ದರೂ ಬಾಡಿಯೇ ಇದೆ. ಫರ್ನ್ ಎಲೆಗಳು ಒಣಗಿ ಕಂದು. ಮತ್ತೆ ನೀರು ಹಾಕಲೇ?

ಅಂಗಳ (ವಿರಾಜಪೇಟೆ):
ಹಾಕಬೇಡಿ ಮೇಡಂ. ಒದ್ದೆ ಮಣ್ಣಿನಲ್ಲಿ ಬಾಡಿದೆ ಎಂದರೆ ಬೇರು ನೀರೆಳೆಯುತ್ತಿಲ್ಲ. ಕುಂಡ ಓರೆ ಮಾಡಿ ಬೇರಿನ ಉಂಡೆ ಹೊರತೆಗೆಯಿರಿ. ಬೇರು ಬಿಳಿಯಾಗಿ ಗಟ್ಟಿಯಿದ್ದರೆ ಹಾಗೇ ಕೂರಿಸಿ, ಮೂರ್ನಾಲ್ಕು ದಿನ ನೆರಳು, ಹೂ ಮೊಗ್ಗು ಚಿವುಟಿ, ಎಲೆ ಮೂರರಲ್ಲಿ ಒಂದು ಪಾಲು ತೆಗೆಯಿರಿ. ಕಂದಾಗಿ ಜಾರುವಂತಿದ್ದರೆ ಕೊಳೆತಿದೆ. ಕತ್ತರಿಸಿ, ಒಳ್ಳೆಯ ಕಾಂಡ ಇದ್ದರೆ ಮರಳಿನಲ್ಲಿ ಕಡ್ಡಿ ನೆಡಿ. ಬಿಗೋನಿಯಾವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೆನೆಸುವುದು ಅಪಾಯ.

ಫರ್ನ್‌ನ ಒಣ ಎಲೆ ಮತ್ತೆ ಹಸಿರಾಗದು, ಬುಡದಲ್ಲೇ ಕತ್ತರಿಸಿ. ಬುಡದ ಗೆಡ್ಡೆ ಗಟ್ಟಿಯಿದ್ದರೆ ಸುರುಳಿ ಚಿಗುರು ಬರುತ್ತದೆ.

ಆಂಥೂರಿಯಂಗೆ ನಿಮ್ಮ ಮಿಶ್ರಣವೇ ಹೊಂದುವುದಿಲ್ಲ. ಒಣಗಿದರೆ ಕಲ್ಲು, ನೆಂದರೆ ಕೆಸರು. ತೆಂಗಿನ ಸಿಪ್ಪೆ ಚೂರು, ಇದ್ದಲು, ಇಟ್ಟಿಗೆ ಚೂರು ಸಡಿಲವಾಗಿರಬೇಕು. ಬಾಡಿದಾಗ ಈಗಲೇ ಬೇರು ಕದಡಬೇಡಿ. ಮೇ ಕೊನೆಯ ವಾರ, ಗಾಳಿಯಲ್ಲಿ ತೇವ ಬಂದ ಮೇಲೆ ಬದಲಿಸಿ.

ಕಾಫಿಸಾಲು:
ಇನ್ನು ಮುಂದೆ ಫೆಬ್ರವರಿ, ಮಾರ್ಚ್‌ನ ಒಣಗಾಳಿಗೆ ಮಣ್ಣನ್ನು ಅಷ್ಟು ಒಣಗಲು ಬಿಡಬೇಡಿ. ಮೇಲೆ ಎರಡು ಇಂಚು ತರಗೆಲೆ ಹೊದಿಸಿ, ಕಾಂಡದ ಸುತ್ತ ಒಂದು ಇಂಚು ಬಿಡಿ. ಬೆರಳಿನ ಎರಡು ಗಣ್ಣಿನ ಆಳ ಒಣಗಿದಾಗ ಒಂದೂವರೆ ಲೀಟರ್, ಬೆಳಗ್ಗೆ. ಕೆಳಗಿನಿಂದ ನೀರುಣಿಸಿದ ಕುಂಡಕ್ಕೆ ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳವಾಗಿ ಹಾಕಿ, ಇಲ್ಲದಿದ್ದರೆ ಲವಣ ಮೇಲೆ ಬಿಳಿಯಾಗಿ ಕಟ್ಟುತ್ತದೆ.

ಅಂಗಳ:
ಜೂನ್ ಮಳೆ ಶುರುವಾಗುವ ಮೊದಲು ತಟ್ಟೆಗಳನ್ನೆಲ್ಲ ತೆಗೆದಿಡಿ. ತರಗೆಲೆ ಹೊದಿಕೆಯೂ ಆಗ ಬೇಡ, ಬಸವನಹುಳು ಸೇರಿಕೊಳ್ಳುತ್ತವೆ.