ಡಂಡೀಗೇ ಸೆಣಬು ಯಾಕೆ ಒಲಿಯಿತು?

ಪ್ರಶ್ನೆ: ಲಿನನ್ (ಅಗಸೆನಾರಿನ ಬಟ್ಟೆ) ಗಿರಣಿಗಳು ಬ್ರಿಟನ್ನಿನ ಬೇರೆ ಊರುಗಳಲ್ಲೂ ಇದ್ದವು. ಆದರೂ ಬಂಗಾಳದ ಸೆಣಬು ಸ್ಕಾಟ್ಲೆಂಡಿನ ಡಂಡೀ ಬಂದರಿಗೇ ಯಾಕೆ ಹೋಯಿತು? ಆ ದುಡ್ಡಿನಿಂದ ಊರಿಗೆ ಏನು ಸಿಕ್ಕಿತು?

ಉತ್ತರ 1: ಮುಖ್ಯ ಕಾರಣ ತಿಮಿಂಗಿಲದ ಎಣ್ಣೆ. ಸೆಣಬಿನ ನಾರು ಒಣಕಲು, ಬಿರುಸು. ಅಗಸೆನಾರಿನ ಯಂತ್ರಕ್ಕೆ ಹಾಗೇ ಕೊಟ್ಟರೆ ಪಟಪಟ ತುಂಡಾಗುತ್ತದೆ. 1830ರ ದಶಕದಲ್ಲಿ ಎಣ್ಣೆ ಮತ್ತು ನೀರು ಬೆರೆಸಿ ನಾರಿಗೆ ಚಿಮುಕಿಸಿ, ಅದು ಒಳಗಿಳಿಯಲು ಬಿಟ್ಟು, ಆಮೇಲೆ ಬಾಚುವ ಯಂತ್ರಕ್ಕೆ ಕೊಡುವ ಕ್ರಮ ಕುದುರಿತು. ನೀರು ಮೆತ್ತಗಾಗಿಸುತ್ತದೆ, ಎಣ್ಣೆ ಆ ಮೆದುತನ ಉಳಿಸಿ ಜಾರಿಕೆ ಕೊಡುತ್ತದೆ. ಎಣ್ಣೆ ಕಮ್ಮಿಯಾದರೆ ಧೂಳು, ಹರಕು ನೂಲು. ಜಾಸ್ತಿಯಾದರೆ ಚೀಲಕ್ಕೆ ವಾಸನೆ. ಡಂಡೀಯಲ್ಲಿ ತಿಮಿಂಗಿಲ ಬೇಟೆಯ ಹಡಗುಗಳೂ ಇದ್ದವು, ಒರಟು ಬಟ್ಟೆ ನೇಯುವ ಕೈಗಳೂ ಇದ್ದವು. ಎರಡೂ ಒಂದೇ ಬಂದರಿನಲ್ಲಿ ಕೂಡಿದ್ದೇ ಅದರ ಬಲ.

ಉತ್ತರ 2: ಮೇಲಿನದ್ದು ಸರಿ. ಆದರೆ ಕೆಲಸಗಾರರನ್ನು ಮರೆಯಬಾರದು. ಗಿರಣಿಗಳಲ್ಲಿ ಹೆಂಗಸರೇ ಹೆಚ್ಚು, ಕೂಲಿ ಕಡಿಮೆ. ಮಗ್ಗಗಳ ಸದ್ದಿನಲ್ಲಿ ಮಾತು ಕೇಳದೆ ತುಟಿಚಲನೆ, ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. 1855ರಲ್ಲಿ ಕಲ್ಕತ್ತಾ ಹತ್ತಿರದ ರಿಷ್ರಾದಲ್ಲಿ ಗಿರಣಿ ಶುರುವಾಯಿತು, ಯಂತ್ರ ಹೋದದ್ದು ಡಂಡೀಯಿಂದಲೇ! ಮುಂದೆ ಕಚ್ಚಾಮಾಲಿನ ಪಕ್ಕದಲ್ಲೇ ಇದ್ದ ಆ ಗಿರಣಿಗಳ ಜೊತೆ ಪೈಪೋಟಿ ಕಷ್ಟವಾಯಿತು.

ಉತ್ತರ 3: ಸಂಸ್ಥೆಗಳ ವಿಚಾರಕ್ಕೆ ಬಂದರೆ, ಲಿನನ್ ಉದ್ಯಮದ ಬ್ಯಾಕ್ಸ್‌ಟರ್ ಮನೆತನದ ಮೇರಿ ಆನ್ ಬ್ಯಾಕ್ಸ್‌ಟರ್ ಕೊಟ್ಟ ಹಣದಿಂದ 1881ರಲ್ಲಿ ಯೂನಿವರ್ಸಿಟಿ ಕಾಲೇಜು ಸ್ಥಾಪನೆಯಾಯಿತು, ಅದು 1967ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ. ಡಂಡೀಗೆ ನಗರ ಪಟ್ಟ 1889ರಲ್ಲಿ. ಯಂತ್ರಗಳನ್ನು ನೋಡಬೇಕೆಂದರೆ ಹಳೇ ಗಿರಣಿಯಲ್ಲೇ ಇರುವ ವರ್ಡಂಟ್ ವರ್ಕ್ಸ್ ವಸ್ತುಸಂಗ್ರಹಾಲಯಕ್ಕೆ ಹೋಗಿ.