ಬೆನ್ನುಮೂಳೆ ಗೆಡ್ಡೆಗೆ ಎಲೆಕ್ಟ್ರೋಕೀಮೋಥೆರಪಿ: ಡಾಕ್ಟರ ಹತ್ತಿರ ಏನು ಕೇಳಬೇಕು?

ಪ್ರಶ್ನೆ: ನಮ್ಮಣ್ಣ ಇಟಲಿಯಲ್ಲಿ ಕೆಲಸದಲ್ಲಿದ್ದಾರೆ. ಕಿಡ್ನಿ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ರೇಡಿಯೇಷನ್ ಆಗಿದೆ, ಆದರೂ ನೋವು ಮತ್ತೆ ಶುರುವಾಗಿದೆ. ಎಲೆಕ್ಟ್ರೋಕೀಮೋಥೆರಪಿ (ಕ್ಯಾನ್ಸರ್ ಔಷಧಿ ಕೊಟ್ಟು, ಗೆಡ್ಡೆಗೆ ಸೂಜಿಗಳ ಮೂಲಕ ವಿದ್ಯುತ್ ಹಾಯಿಸುವ ಚಿಕಿತ್ಸೆ) ಮಾಡೋಣ, ಮೊದಲು ಕಂಪ್ಯೂಟರ್‌ನಲ್ಲಿ ಪ್ಲ್ಯಾನ್ ಹಾಕುತ್ತೇವೆ ಅಂದಿದ್ದಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ನಮ್ಮ ಯಜಮಾನರಿಗೆ ಇಟಲಿಯ ಬೊಲೋನಿಯಾದಲ್ಲಿ ಇದೇ ಚಿಕಿತ್ಸೆ ಆಯಿತು. ಪ್ಲ್ಯಾನ್ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ನಮಗೆ ಸ್ಕ್ರೀನ್ ಮೇಲೆ ತೋರಿಸಿದರು. ಮೂಳೆಯೊಳಗೆ ಗೆಡ್ಡೆ, ಅದರ ಸುತ್ತ ನಾಲ್ಕು ಸೂಜಿ. ವಿದ್ಯುತ್ ಜೋರಾಗಿರುವ ಕಡೆ ಕೆಂಪು, ಕಡಿಮೆ ಇರುವ ಕಡೆ ನೀಲಿ. ಗೆಡ್ಡೆಯ ಹಿಂಬದಿಯ ಒಂದು ಮೂಲೆ ಹಳದಿಯಾಗಿಯೇ ಉಳಿದಿತ್ತು, ಅಂದರೆ ಅಲ್ಲಿಗೆ ವಿದ್ಯುತ್ ಸಾಕಷ್ಟು ತಲುಪುತ್ತಿರಲಿಲ್ಲ. ಅಲ್ಲಿಂದ ಬೆನ್ನುಹುರಿ ತೀರಾ ಹತ್ತಿರ. ಡಾಕ್ಟರು ಒಂದು ಸೂಜಿಯನ್ನು ಸ್ವಲ್ಪ ಓರೆ ಮಾಡಿ ಮತ್ತೆ ಲೆಕ್ಕ ಹಾಕಿಸಿದರು, ಆ ಮೂಲೆಯೂ ಕೆಂಪಾಯಿತು. ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು. ನೋವು ಒಂದೇ ಸಲಕ್ಕೆ ಹೋಗಲಿಲ್ಲ, ನಿಧಾನಕ್ಕೆ ಇಳಿಯಿತು.

ಉತ್ತರ: ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿ ಕಂಪ್ಯೂಟರ್‌ನಲ್ಲಿ ಇಂಥ ಪ್ಲ್ಯಾನ್ ಲೆಕ್ಕ ಹಾಕುವ ಮಾಡೆಲಿಂಗ್ ಕಲಿತವನು ನಾನು. ಈ ಚಿಕಿತ್ಸೆಯಲ್ಲಿ ಕೊಡುವ ಬ್ಲಿಯೋಮೈಸಿನ್ ಎಂಬ ಕ್ಯಾನ್ಸರ್ ಔಷಧಿ ಜೀವಕೋಶದೊಳಗೆ ಸುಲಭವಾಗಿ ಹೋಗುವುದಿಲ್ಲ. ಚಿಕ್ಕ ಚಿಕ್ಕ ವಿದ್ಯುತ್ ಪಲ್ಸ್ ಕೊಟ್ಟಾಗ ಕೋಶದ ಪೊರೆ ಸ್ವಲ್ಪ ಹೊತ್ತು ತೆರೆದುಕೊಳ್ಳುತ್ತದೆ, ಆಗ ಔಷಧಿ ಒಳಗೆ ಹೋಗುತ್ತದೆ. ಒಂದು ಪಲ್ಸ್ ಸಾಮಾನ್ಯವಾಗಿ 100 ಮೈಕ್ರೋಸೆಕೆಂಡ್ ಅಷ್ಟೇ. ಗೆಡ್ಡೆಯ ಎಲ್ಲ ಭಾಗಕ್ಕೂ ಸೆಂಟಿಮೀಟರ್‌ಗೆ ಸುಮಾರು 400 ವೋಲ್ಟ್ ಸಿಗಬೇಕು ಅನ್ನುವ ಲೆಕ್ಕದಲ್ಲಿ ಪ್ಲ್ಯಾನ್ ಮಾಡುತ್ತಾರೆ.

ಬೆನ್ನುಮೂಳೆಯಲ್ಲಿ ಈ ಲೆಕ್ಕ ಕಷ್ಟ. ಮೂಳೆಯ ಗಟ್ಟಿ ಹೊರಪದರದಲ್ಲಿ ಕರೆಂಟ್ ಅಷ್ಟಾಗಿ ಹರಿಯಲ್ಲ. ಬೆನ್ನುಹುರಿಯ ಸುತ್ತ ಇರುವ ದ್ರವದಲ್ಲಿ ಚೆನ್ನಾಗಿ ಹರಿಯುತ್ತದೆ. ಹಾಗಾಗಿ ಕಣ್ಣಂದಾಜಿನಲ್ಲಿ ಸೂಜಿ ಹಾಕುವುದು ಸರಿಯಲ್ಲ. ಲುಬ್ಲಿಯಾನಾ ವಿಶ್ವವಿದ್ಯಾಲಯ ಮತ್ತು ಬೊಲೋನಿಯಾದ ರಿಝೋಲಿ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಳೆಯ ಹಿಂಬದಿಯ ಪೆಡಿಕಲ್ (ಬೆನ್ನುಮೂಳೆಯ ಮುಂದಿನ ಮತ್ತು ಹಿಂದಿನ ಭಾಗಗಳನ್ನು ಜೋಡಿಸುವ ಚಿಕ್ಕ ಮೂಳೆಕಂಬ) ಮೂಲಕ ಸೂಜಿ ಹಾಕುವ ದಾರಿಯನ್ನು ಹೀಗೆಯೇ ಕಂಪ್ಯೂಟರ್ ಮಾಡೆಲ್‌ನಲ್ಲಿ ಪರೀಕ್ಷಿಸಿದ್ದರು.

ನೀವು ಮುಖ್ಯವಾಗಿ ಕೇಳಬೇಕಾದ್ದು ಇದು: ಪ್ಲ್ಯಾನ್ ಯಾವ ದಿನದ ಸ್ಕ್ಯಾನ್ ಮೇಲೆ ಮಾಡಿದ್ದು? ಸ್ಕ್ಯಾನ್ ಹಳೆಯದಾದರೆ ಅಷ್ಟರಲ್ಲಿ ಗೆಡ್ಡೆ ಬೆಳೆದಿರಬಹುದು, ಅಲ್ವಾ? ಸಿಟಿಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ, ಎಂಆರ್‌ಐನಲ್ಲಿ ಗೆಡ್ಡೆ ಮತ್ತು ಬೆನ್ನುಹುರಿ. ಎರಡನ್ನೂ ಸೇರಿಸಿ ನೋಡಿದ್ದಾರಾ ಕೇಳಿ. ಆಪರೇಷನ್ ಥಿಯೇಟರ್‌ನಲ್ಲಿ ಸೂಜಿ ಕೆಲವು ಮಿಲಿಮೀಟರ್ ಆಚೀಚೆ ಆದರೆ ಅಲ್ಲೇ ಮತ್ತೆ ಲೆಕ್ಕ ಹಾಕುತ್ತಾರಾ? ಬೆನ್ನುಹುರಿ ಮೇಲೆ ಎಷ್ಟು ವೋಲ್ಟ್ ಬೀಳುತ್ತದೆ? ನನ್ನ ಪ್ರಕಾರ ಈ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.

ಉತ್ತರ: ಅನಸ್ತೇಷಿಯಾ ವಿಭಾಗದಲ್ಲಿದ್ದೇನೆ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಪಲ್ಸ್‌ಗಳನ್ನು ಇಸಿಜಿ ನೋಡಿಕೊಂಡು, ಹೃದಯದ ಬಡಿತಕ್ಕೆ ಹೊಂದಿಸಿ ಕೊಡುತ್ತಾರೆ. ಬ್ಲಿಯೋಮೈಸಿನ್‌ನಿಂದ ಶ್ವಾಸಕೋಶಕ್ಕೆ ತೊಂದರೆ ಆಗಬಹುದು, ಅದು ದೇಹದಿಂದ ಹೊರಹೋಗುವುದು ಹೆಚ್ಚಾಗಿ ಕಿಡ್ನಿ ಮೂಲಕ. ನಿಮ್ಮಣ್ಣನಿಗೆ ಒಂದು ಕಿಡ್ನಿ ತೆಗೆದಿದ್ದರೆ ಹೊಸ ಕ್ರಿಯೇಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ಜೊತೆಗಿರಲಿ. ಹಿಂದೆ ಯಾವಾಗಲಾದರೂ ಈ ಔಷಧಿ ಕೊಟ್ಟಿದ್ದರೆ ಎಷ್ಟು ಡೋಸ್ ಅಂತ ಬರೆದಿರುವ ಹಾಳೆಯನ್ನೂ ಕೊಡಿ.