ಪದಚರ್ಚೆ: ಟಬ್ಬಿನ ಡ್ರೈನು ‘ತೆಗೆಯುವುದೋ’, ‘ಬಿಚ್ಚುವುದೋ’? ಬಿಚ್ಚುವ ಸಲಕರಣೆಗೆ ಏನೆನ್ನೋಣ?

ತುಮಕೂರಿನಿಂದ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಪ್ಲಂಬಿಂಗ್ ಕಲಿಯುವವರಿಗಾಗಿ ಕನ್ನಡದಲ್ಲಿ ಸಿದ್ಧವಾಗುತ್ತಿರುವ ಕೈಪಿಡಿಯ ಒಂದು ಪಾಠದ ಬಗ್ಗೆ ಕೇಳುತ್ತಿದ್ದೇನೆ. ಸ್ನಾನದ ಟಬ್ಬಿನ ತಳದಲ್ಲಿ ನೀರು ಹೋಗುವ ತೂತಿಗೆ ಕೂರಿಸಿದ ಹಿತ್ತಾಳೆ ತುಂಡನ್ನು ಬಿಚ್ಚಿ ಹೊಸದು ಹಾಕುವ ಪಾಠ ಅದು. ಕರಡಿನ ವಾಕ್ಯ ಹೀಗಿದೆ: ‘ಚರಂಡಿ ಕೀಲಿಯನ್ನು ಬಳಸಿ ಚರಂಡಿಯನ್ನು ತೆಗೆಯಿರಿ.’ ಚರಂಡಿ ಎಂದೊಡನೆ ಬೀದಿ ಬದಿಯ ಮೋರಿ ಕಣ್ಣಿಗೆ ಬರುತ್ತದೆ, ಟಬ್ಬು ಬರುವುದಿಲ್ಲ. ಕೀಲಿ ಎಂದರೆ ಬೀಗ ಎಲ್ಲಿ ಎಂದು ಕೇಳುತ್ತಾರೆ. ತೆಗೆಯಿರಿ ಎಂದರೆ ಮುಚ್ಚಳ ಎತ್ತಿ ನೀರು ಬಿಟ್ಟರೆ ಸಾಕೆಂದುಕೊಳ್ಳುತ್ತಾರೆ.

ಅಂಗಡಿಯಲ್ಲಿ ಆ ತುಂಡಿಗೆ ‘ವೇಸ್ಟ್ ಕಪ್ಲಿಂಗ್’ ಎನ್ನದೆ ಸಾಮಾನು ಸಿಗುವುದಿಲ್ಲ, ಆ ಪದ ಪಾಠದಲ್ಲಿ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ನಿಲ್ಲುವ, ಕೆಲಸವೇನೆಂದು ತಾನೇ ಹೇಳುವ ಕನ್ನಡ ಪದಗಳು ಬೇಕು: ಆ ತುಂಡಿಗೆ, ಅದನ್ನು ತಿರುಗಿಸುವ ಸಲಕರಣೆಗೆ, ಮತ್ತು ಆ ಕ್ರಿಯೆಗೆ.

ಕೋಲಾರದಿಂದ

ನೀವು ಹುಡುಕುವ ಪದ ಕೆರೆ ಏರಿಯ ಮೇಲೇ ಇದೆ. ಟಬ್ಬಿನಿಂದ ನೀರು ಹೊರಗೆ ಹೋಗುವ ದಾರಿ ಎರಡು. ತಳದ್ದನ್ನು ನಾವು ಬೇಕೆಂದಾಗ ತೆರೆಯುತ್ತೇವೆ. ಅಂಚಿನ ಹತ್ತಿರದ್ದು ನೀರು ಮಟ್ಟ ಮೀರಿದಾಗ ತಾನಾಗಿ ಹರಿಯುತ್ತದೆ. ಕೆರೆಯಲ್ಲಿ ಇವೇ ತೂಬು ಮತ್ತು ಕೋಡಿ. ಕೋಲಾರಮ್ಮನ ಕೆರೆ, ತುಮಕೂರಿನ ಅಮಾನಿಕೆರೆ, ಚಿಕ್ಕಬಳ್ಳಾಪುರದ ಕಂದವಾರ ಕೆರೆ ನೋಡಿ ಬೆಳೆದವರಿಗೆ ‘ಕೋಡಿ ಹರಿಯಿತು’ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಓವರ್‌ಫ್ಲೋಗೆ ‘ಹೆಚ್ಚುವರಿ ನೀರಿನ ನಿರ್ಗಮನ ರಂಧ್ರ’ ಎಂದು ಹೊಸೆಯುವ ಬದಲು ಕೋಡಿ ಎನ್ನಿ. ತೂಬಿನ ಹಳೆಯ ರೂಪ ‘ತೂಂಬು’. ತಮಿಳಿನಲ್ಲೂ ತೂಂಬು, ತೆಲುಗಿನಲ್ಲಿ ತೂಮು. ಹಾಗಾಗಿ ಮುಳಬಾಗಿಲು, ಬಾಗೇಪಲ್ಲಿ ಕಡೆಯ, ಮನೆಯಲ್ಲಿ ತೆಲುಗಾಡುವ ಹುಡುಗನಿಗೂ ಇದು ಕೇಳಿದ ಮಾತೇ. ಕೋಡಿಗೆ ಮಾತ್ರ ತೆಲುಗಿನವರು ‘ಅಲುಗು’ ಅನ್ನುತ್ತಾರೆ.

ಕ್ರಿಯಾಪದದ ವಿಚಾರದಲ್ಲಿ ನಿಮ್ಮ ಅನುಮಾನ ಸರಿ. ‘ತೂಬೆತ್ತು’ ಎಂದರೆ ನೀರು ಬಿಡು, ಅದು ನೀರುಗಂಟಿಯ ಕೆಲಸ. ‘ತೂಬು ತೆಗೆ’ ಎಂದರೂ ಅದೇ ಅರ್ಥ ಬರುತ್ತದೆ. ನಟ್ಟು, ಗಂಟು, ಸುತ್ತಿ ಬಿಗಿಸಿದ ಯಾವುದಕ್ಕಾದರೂ ನಮ್ಮ ಮಾತು ‘ಬಿಚ್ಚು’. ಸಿಕ್ಕಿಸಿದ್ದು ಬೇರೆಯಾದರೆ ‘ಕಳಚು’. ಬೇರೂರಿದ್ದನ್ನು ಬಲದಿಂದ ಎಳೆದರೆ ‘ಕೀಳು’. ಪಾಠದಲ್ಲಿ ಈ ಭೇದ ಉಳಿಯಲೇಬೇಕು, ಇದು ಬರಿಯ ಭಾಷೆಯ ನಾಜೂಕಲ್ಲ. ‘ಕೀಳಿರಿ’ ಎಂದು ಓದಿದವನು ಸ್ಕ್ರೂಡ್ರೈವರ್ ತೂರಿಸಿ ಮೇಲಕ್ಕೆ ಮೀಟುತ್ತಾನೆ. ಥ್ರೆಡ್ಡಿನಲ್ಲಿ, ಅಂದರೆ ತಿರುಪಿನ ಸುತ್ತುಗೆರೆಯಲ್ಲಿ, ಕೂತದ್ದು ಹಾಗೆ ಮೇಲೆ ಬರುವುದಿಲ್ಲ, ಟಬ್ಬಿನ ತೂತಿನ ಅಂಚು ಸೀಳುತ್ತದೆ. ಅಕ್ರಿಲಿಕ್ ಟಬ್ಬಿನಲ್ಲಿ ಆ ಸೀಳು ಬೆಳೆಯುತ್ತ ಹೋಗುತ್ತದೆ.

ಚಿಕ್ಕಬಳ್ಳಾಪುರದಿಂದ

ಕೋಲಾರದವರ ತೂಬು, ಕೋಡಿ ಎರಡೂ ಒಪ್ಪಿಗೆ. ಒಂದು ತಿದ್ದುಪಡಿ ಮಾತ್ರ. ಕೆರೆಯಲ್ಲಿ ತೂಬು ಎಂದರೆ ಏರಿಯ ಅಡಿಯಲ್ಲಿ ಹಾಯುವ ಇಡೀ ದಾರಿ. ಇಲ್ಲಿ ಬಿಚ್ಚುವುದು ಅದರ ಮೇಲ್ತುದಿಯ ತುಂಡನ್ನಷ್ಟೇ. ಟಬ್ಬಿನ ತಳದ ಮೇಲೆ ಬಳೆಯಂತೆ ಕೂತ ಹೊಳೆಯುವ ಅಂಚು, ಅದರ ಕೆಳಗೆ ಥ್ರೆಡ್ ಇರುವ ಗಿಡ್ಡ ಕುತ್ತಿಗೆ, ಆ ಕುತ್ತಿಗೆಗೆ ಕೆಳಗಿನಿಂದ ಹಿಡಿದುಕೊಂಡ ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಪೈಪು. ಮೇಲಿನ ತುಂಡನ್ನು ‘ಬಾಯಿಬಳೆ’ ಎನ್ನೋಣ. ಇಡೀ ದಾರಿ ತೂಬು, ಅದರ ಬಾಯಿಗೆ ಬಾಯಿಬಳೆ, ಮುಚ್ಚುವುದಕ್ಕೆ ಬಿರಡೆ.

ಸಲಕರಣೆಗೆ ‘ಕೀಲಿ’ ಬೇಡವೇ ಬೇಡ. ಈ ಮೂರು ಜಿಲ್ಲೆಗಳ ಗ್ಯಾರೇಜುಗಳಲ್ಲಿ ‘ಹತ್ತು ಹನ್ನೊಂದರ ಪಾನಾ ಕೊಡು’ ಎಂಬ ಮಾತು ದಿನವೂ ಕೇಳುತ್ತದೆ. ಹಿಡಿದು ತಿರುಗಿಸುವುದೆಲ್ಲ ಪಾನಾ. ಆದರೆ ಒಂದೇ ಹೆಸರು ಸಾಲದು, ಏಕೆಂದರೆ ಸಲಕರಣೆ ಎರಡು ಬಗೆಯದು, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಕೆಲಸ ಕೆಡುತ್ತದೆ.

ಅದಕ್ಕೂ ಮೊದಲು, ಪಾನಾ ಬೇಕೇ ಎಂದು ನೋಡಬೇಕು. ಜಾಲರಿಯ ನಡುವೆ ಒಂದೇ ಒಂದು ಉದ್ದ ತಿರುಪು ಕಂಡರೆ ಅದೇ ಮೇಲಿನ ಬಳೆಯನ್ನೂ ಕೆಳಗಿನ ಎಲ್ಬೋವನ್ನೂ ಒಟ್ಟಿಗೆ ಹಿಡಿದಿರುತ್ತದೆ, ಸ್ಕ್ರೂಡ್ರೈವರ್ ಸಾಕು. ಬೇಸಿನ್ನಿನ ಹಾಗೆ ಕೆಳಗಡೆ ಬಿಗಿಹಿಡಿಯುವ ನಟ್ಟು, ಅಂದರೆ ಚೆಕ್‌ನಟ್ ಇದ್ದರೆ ಕೆಲಸ ಕೆಳಗಿನಿಂದ, ಪೈಪ್ ರಿಂಚಿನಲ್ಲಿ. ಮೇಲೆ ಇನ್ನೊಬ್ಬರು ಬಾಯಿಬಳೆ ತಿರುಗದಂತೆ ಹಿಡಿದಿರಬೇಕು. ಬಾಯಿಬಳೆ ನೇರವಾಗಿ ಎಲ್ಬೋ ಒಳಗೆ ಸುತ್ತಿಕೊಂಡಿದ್ದರೆ ಮಾತ್ರ ನೀವು ಕೇಳಿದ ಸಲಕರಣೆ ಬೇಕು.

ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಕೂಡಿಸುವ ಚಿಹ್ನೆಯ ಹಾಗೆ ಅಡ್ಡಪಟ್ಟಿಗಳು ಕಾಣುತ್ತವೆ. ಅವು ಗಟ್ಟಿಯಾಗಿದ್ದರೆ ಡಂಬೆಲ್ ಆಕಾರದ ಎರಕದ ತುಂಡು ಸಾಕು. ಅದರ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಎರಡರಲ್ಲೂ ಪಟ್ಟಿಗಳು ಕೂರುವ ಕಚ್ಚುಗಳಿರುತ್ತವೆ. ಬಾಯಿಗೆ ಹೊಂದುವ ತುದಿಯನ್ನು ಇಳಿಸಿ, ಮೇಲಿನಿಂದ ರಿಂಚು ಹಾಕಿ ತಿರುಗಿಸುವುದು. ಇದಕ್ಕೆ ‘ಕಚ್ಚುಪಾನಾ’ ಎಂದು ಹೆಸರಿಡಬಹುದು. ಕಚ್ಚು ಎಂದರೆ ಕೊರೆದ ತೋಡು, ಹಲ್ಲಿನಿಂದ ಹಿಡಿಯುವುದೂ ಹೌದು. ಎರಡು ಅರ್ಥವೂ ಇಲ್ಲಿ ಸಲ್ಲುತ್ತವೆ.

ಪಟ್ಟಿಗಳು ಮುರಿದಿದ್ದರೆ, ಬೆರಳಲ್ಲಿ ಒತ್ತಿದರೆ ಅಲ್ಲಾಡಿದರೆ, ಅಥವಾ ಇಲ್ಲವೇ ಇಲ್ಲದಿದ್ದರೆ ಕಚ್ಚುಪಾನಾಕ್ಕೆ ಹಿಡಿತ ಸಿಗುವುದಿಲ್ಲ. ಆಗ ಬಾಯಿಯ ಒಳಗೋಡೆಯನ್ನೇ ಹಿಡಿಯುವ ಸಲಕರಣೆ ಬೇಕು. ಒಳಗೆ ಇಳಿಸಿ ಎಡಕ್ಕೆ ತಿರುಗಿಸಿದಂತೆ ಅದರ ಹಲ್ಲುಗಳು ಹೊರಕ್ಕೆ ಅರಳಿ ಹಿತ್ತಾಳೆಗೆ ನಾಟುತ್ತವೆ. ಎಷ್ಟು ಬಲ ಹಾಕುತ್ತೀರೋ ಅಷ್ಟು ಬಿಗಿಯಾಗಿ ಹಿಡಿಯುತ್ತವೆ. ಇದು ‘ಅರಳುಪಾನಾ’. ಒಳಗೋಡೆಗೆ ಗಾಯವಾಗುವುದರಿಂದ ಅದೇ ಬಾಯಿಬಳೆಯನ್ನು ಮತ್ತೆ ಹಾಕುವ ಆಸೆ ಬಿಡಬೇಕು. ಹಳೆಯದನ್ನೇ ಉಳಿಸಿಕೊಳ್ಳಬೇಕಿದ್ದರೆ ಮೊದಲ ಆಯ್ಕೆ ಕಚ್ಚುಪಾನಾ.

ಕಟಿಂಗ್ ಪ್ಲೇಯರಿನ ಹಿಡಿಗಳನ್ನು ಪಟ್ಟಿಗಳ ನಡುವೆ ಇಳಿಸಿ, ಅವುಗಳ ಮಧ್ಯೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸುವ ಉಪಾಯ ಎಲ್ಲರಿಗೂ ಗೊತ್ತು. ಹೊಸ ಫಿಟ್ಟಿಂಗಿಗೆ ನಡೆಯುತ್ತದೆ. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರು ಕುಡಿದ ಫಿಟ್ಟಿಂಗಿಗೆ ನಡೆಯುವುದಿಲ್ಲ. ಬಲ ಎರಡೇ ಪಟ್ಟಿಗಳ ಮೇಲೆ ಬೀಳುತ್ತದೆ, ತುಕ್ಕು ತಿಂದ ಪಟ್ಟಿ ಮುರಿಯುತ್ತದೆ. ಆಮೇಲೆ ಅರಳುಪಾನಾವೇ ಗತಿ.

‘ಉಪ್ಪು ಕಟ್ಟಿದೆ’ ಎನ್ನುತ್ತಾರಲ್ಲ, ಆ ಬಿಳಿ ಪದರವನ್ನು ಮೊದಲು ಸಡಿಲಿಸಬೇಕು. ಬಟ್ಟೆಯನ್ನು ಬಿಳಿ ವಿನಿಗರ್‌ನಲ್ಲಿ ನೆನೆಸಿ ಬಾಯಿಯೊಳಗೆ ತುರುಕಿ ಒಂದು ಗಂಟೆ ಬಿಡಿ. ಬಚ್ಚಲು ತೊಳೆಯುವ ಆಸಿಡ್ ಬೇಡ, ಕ್ರೋಮ್ ಹೊಳಪು ಹೋಗುತ್ತದೆ. ತೊಳೆದು ಒರೆಸಿದ ಮೇಲೆ ಬಿಗಿತ ಸಡಿಲಿಸುವ ಸ್ಪ್ರೇ ಡಬ್ಲ್ಯುಡಿ-40 ಸಿಂಪಡಿಸಿ ಅರ್ಧ ಗಂಟೆ ಕಾಯಿರಿ. ಸೋರದಂತೆ ಬಳೆಯಡಿ ಮೆತ್ತಿದ ಹಳೆಯ ಪುಟ್ಟಿ ಕಲ್ಲಾಗಿದ್ದರೆ ಹೇರ್ ಡ್ರೈಯರ್ ಶಾಖ ಸಾಕು. ಬೆಂಕಿ ಹತ್ತಿರ ತರಬೇಡಿ; ಟಬ್ಬೂ ಕೆಳಗಿನ ಪಿವಿಸಿ ಎಲ್ಬೋವೂ ಕರಗುತ್ತವೆ.

ಇನ್ನು ಅತಿ ಹೆಚ್ಚು ಕೆಡುವ ಜಾಗ. ಬಾಯಿಬಳೆ ತಿರುಗುವ ಬದಲು ಎಲ್ಬೋ ಸಮೇತ ತಿರುಗಿಬಿಡುತ್ತದೆ. ಮೇಲಿದ್ದವನಿಗೆ ‘ಬಿಚ್ಚಿಕೊಂಡಿತು’ ಅನಿಸುತ್ತದೆ. ಕೆಳಗೆ ಕೋಡಿಯ ಪೈಪು ಸೇರುವ ಜಾಗದಲ್ಲಿ ಅಂಟಿಸಿದ ಜಾಯಿಂಟ್ ಬಿರುಕು ಬಿಟ್ಟಿರುತ್ತದೆ. ಟಬ್ಬಿನ ಪಕ್ಕದಲ್ಲಿ ತೆರೆಯುವ ಹಲಗೆ ಇದ್ದರೆ ಒಬ್ಬರು ಎಲ್ಬೋವನ್ನು ಗಟ್ಟಿ ಹಿಡಿಯಲಿ. ಮೊದಲ ಕಾಲು ಸುತ್ತಿನಲ್ಲೇ ಅಡಿಯಿಂದ ಕರಕರ ಸದ್ದು ಬಂದರೆ ನಿಲ್ಲಿಸಬೇಕು.

ಯಾವುದಕ್ಕೂ ಬಗ್ಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಬಾಯಿಬಳೆಯ ಒಳಗೋಡೆಯಲ್ಲಿ ಎರಡು ಗೆರೆ ಕೊಯ್ದು, ನಡುವಿನ ತುಂಡನ್ನು ಉಳಿಯಿಂದ ಒಳಕ್ಕೆ ಬಗ್ಗಿಸಿದರೆ ಬಿಗಿತ ಹೋಗುತ್ತದೆ. ಕೊಯ್ಯುವಾಗ ಹಿತ್ತಾಳೆ ಮುಗಿಯುವ ಹೊತ್ತಿಗೆ ಕೈ ತಡೆಯಬೇಕು. ಎಲ್ಬೋದ ಥ್ರೆಡ್ಡಿಗೆ ಬ್ಲೇಡು ತಾಗಿದರೆ ಹೊಸದು ಹಾಕಿದರೂ ಸೋರುತ್ತದೆ.

ತುಮಕೂರಿನಿಂದ

ಬಾಯಿಬಳೆ, ಕಚ್ಚುಪಾನಾ, ಅರಳುಪಾನಾ: ಮೂರೂ ಪಾಠಕ್ಕೆ ಹೋಗುತ್ತವೆ. ವಾಕ್ಯ ಈಗ ಹೀಗಾಗಿದೆ: ‘ಬಿರಡೆ ಕಳಚಿ. ಅಡ್ಡಪಟ್ಟಿಗಳು ಗಟ್ಟಿಯಿದ್ದರೆ ಕಚ್ಚುಪಾನಾ, ಇಲ್ಲದಿದ್ದರೆ ಅರಳುಪಾನಾ ಇಳಿಸಿ, ಎಡಕ್ಕೆ ತಿರುಗಿಸಿ ಬಾಯಿಬಳೆ ಬಿಚ್ಚಿ.’

ಇನ್ನೆರಡು ಅನುಮಾನ. ‘ಎಡಕ್ಕೆ’ ಸಾಕೇ, ‘ಅಪ್ರದಕ್ಷಿಣವಾಗಿ’ ಎನ್ನಬೇಕೇ? ಥ್ರೆಡ್ಡಿಗೆ ಪದ ಇದೆಯೇ?

ಕೋಲಾರದಿಂದ

ಮೇಲಿನಿಂದ ಮಾಡುವ ಕೆಲಸಕ್ಕೆ ‘ಎಡಕ್ಕೆ’ ಸಾಕು. ಚೆಕ್‌ನಟ್ ಬಿಚ್ಚುವ ಕಡೆ ‘ಕೆಳಗಿನಿಂದ ನೋಡಿದಾಗ ಎಡಕ್ಕೆ’ ಎಂದು ಪೂರ್ತಿ ಬರೆಯಿರಿ. ಮೇಲೆ ನಿಂತು ಲೆಕ್ಕ ಹಾಕಿದವನು ಕೆಳಗೆ ಮಲಗಿ ಉಲ್ಟಾ ತಿರುಗಿಸಿ ಇನ್ನಷ್ಟು ಬಿಗಿ ಮಾಡುತ್ತಾನೆ.

ಥ್ರೆಡ್ಡಿಗೆ ‘ಮರೆ’ ಇದೆ. ‘ಬೋಲ್ಟಿನ ಮರೆ ಹೋಗಿದೆ’ ಎಂಬುದು ರಿಪೇರಿಯವರ ಬಾಯಲ್ಲಿ ಓಡಾಡುವ ಮಾತು; ತಮಿಳಿನ ‘ಮರೈ’ ಇದರ ಬಳಗದ್ದೇ. ಮೊದಲ ಸಲ ಬಂದಾಗ ‘ಮರೆ, ಅಂದರೆ ಥ್ರೆಡ್’ ಎಂದು ಜೊತೆಯಲ್ಲೇ ಹೇಳಿದರೆ ಸಾಕು, ಮರೆಮಾಡು ಎನ್ನುವ ಮರೆ ಅಂದುಕೊಳ್ಳದಿರಲಿ.

ಹಾಕುವ ಭಾಗಕ್ಕೂ ಈ ಪದ ಬೇಕಾಗುತ್ತದೆ. ಟಬ್ಬಿಗೆ 1½ ಇಂಚು, ಅಂದರೆ 40 ಮಿ.ಮೀ.; ಬೇಸಿನ್ನಿನ 1¼ ಇಂಚಿನದು ಹೊಂದುವುದಿಲ್ಲ. ಹೊರದೇಶದಿಂದ ಬಂದ ಟಬ್ಬುಗಳಲ್ಲಿ ಮರೆಯ ದಪ್ಪ, ಅಳತೆ ಬೇರೆ ಇರುವುದುಂಟು, ಅದಕ್ಕೆ ಬಿಚ್ಚಿದ ತುಂಡನ್ನು ಅಂಗಡಿಗೆ ಒಯ್ದು ಹೋಲಿಸಿಯೇ ತರಬೇಕು. ಬಳೆಯ ಅಡಿಗೆ ಪೆನ್ಸಿಲ್ ದಪ್ಪದ ಪುಟ್ಟಿಯ ಎಳೆ ಸುತ್ತಬೇಕು. ಅಕ್ರಿಲಿಕ್ ಟಬ್ಬಿಗೆ ಪುಟ್ಟಿಯ ಎಣ್ಣೆ ಆಗಿಬರುವುದಿಲ್ಲ, ಸಿಲಿಕೋನ್ ಹಾಕಿ 24 ಗಂಟೆ ಒಣಗಲು ಬಿಡಬೇಕು. ಟಬ್ಬಿನ ತಳಕ್ಕೂ ಎಲ್ಬೋಗೂ ನಡುವಿನ ರಬ್ಬರ್ ವಾಷರ್ ಹೊಸದೇ ಇರಲಿ.

ಕೂರಿಸುವಾಗ ಮೊದಲು ಎಡಕ್ಕೇ ನಿಧಾನವಾಗಿ ತಿರುಗಿಸಿ. ಒಂದು ಕಡೆ ‘ಟಕ್’ ಎಂದು ಬಳೆ ಕೂದಲೆಳೆಯಷ್ಟು ಕೆಳಗೆ ಇಳಿಯುತ್ತದೆ. ಮರೆಗೆ ಮರೆ ಸಿಕ್ಕಿತು ಎಂದು ಅರ್ಥ. ಅಲ್ಲಿಂದ ಬಲಕ್ಕೆ, ಬರಿಗೈಯಲ್ಲಿ ಎಷ್ಟು ಹೋಗುತ್ತದೋ ಅಷ್ಟು, ಆಮೇಲೆ ಕಚ್ಚುಪಾನಾದಲ್ಲಿ ಕಾಲು ಸುತ್ತು. ಎರಡನೆಯ ಸುತ್ತಿಗೇ ಕೈಗೆ ಗಟ್ಟಿಯಾದರೆ ಅಡ್ಡಮರೆ ಬಿದ್ದಿದೆ, ಅಂದರೆ ಮರೆಗೆ ಮರೆ ಓರೆಯಾಗಿ ಸಿಕ್ಕಿದೆ. ಪಾನಾ ಮುಟ್ಟದೆ ಪೂರಾ ಬಿಚ್ಚಿ ಮತ್ತೆ ಕೂರಿಸಬೇಕು. ಕೊನೆಗೆ ಬಿರಡೆ ಹಾಕಿ ಒಂದು ಗೇಣು ನೀರು ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ತೂಬೆತ್ತಿ, ಕೆಳಗಿನ ಎಲ್ಬೋವನ್ನು ಒಣ ಕಾಗದದಿಂದ ಒರೆಸಿ ನೋಡಿ. ಇಲ್ಲಿ ಮಾತ್ರ ‘ತೂಬೆತ್ತಿ’ ಎಂದೇ ಬರೆಯಿರಿ.